ಬೆನ್ನಿಗೆ ಕಟ್ಟಿದ ಜೋಡಿಕಾಯಿ

ನಮ್ಮ ಜಲಜಕ್ಕ ಮೊನ್ನೆ ಮೆಟ್ಟಿಲಿನ ಕಂಬಿಗೆ ಒಂದು ಜೊತೆ ಒಣ ತೆಂಗಿನಕಾಯಿ ನೇತುಹಾಕಿ ಹೋಗಿದ್ದರು. ಸಿಪ್ಪೆಯ ನಾರನ್ನೇ ಒಂದಿಷ್ಟು ಎಳೆದು, ಎರಡನ್ನೂ ಗಂಟುಹಾಕಿ, ಆಚೆಗೊಂದು ಈಚೆಗೊಂದು ತೂಗಬಿಡುವುದು ನಮ್ಮ ಕಡೆಯ ಕ್ರಮ. ಕೋಟೇಶ್ವರದ ಈ ಮನೆಯಲ್ಲಿ ಒಡತಿಯಾದ ಅವರು ಕೆಳಗೆ, ಬಾಡಿಗೆಗಿರುವ ನಾನು ಮೇಲೆ. ಕಾಯಿ ಸಾರಿಗೆ ಆಗಲಿ ಎಂದು ಕೊಟ್ಟದ್ದು, ಸಂಶಯವಿಲ್ಲ. ಆದರೆ ಹಾಲು ತರಲು ಕೋಲೂರಿಕೊಂಡು ಬಾಗಿಲು ತೆರೆದ ನಾನು ಅದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದೆ. ವಿಮಾನದ ಬಾಗಿಲಿನಿಂದ ಹಾರುವುದನ್ನೇ ಹೊಟ್ಟೆಪಾಡು ಮಾಡಿಕೊಂಡಿದ್ದ ಮನುಷ್ಯ ಜೋಡಿಕಾಯಿಗೆ ಹೆದರುತ್ತಾನೆ ಎಂದರೆ ನೀವು ನಗುತ್ತೀರಿ. ನಗಿ. ಆ ಕಾಯಿಯ ಪರಿಚಯ ನಿಮಗಿಲ್ಲ.

ನನಗೆ ಅದರ ಪರಿಚಯ ಮಾಡಿಸಿದವರು ಉಪ್ಪುಂದದ ಸೀತು ಚಿಕ್ಕಿ, ನನ್ನ ಅಮ್ಮನ ತಂಗಿ. ಬೇಸಿಗೆ ರಜೆಗೆ ಅವರ ಮನೆಗೆ ಹೋದ ಮಕ್ಕಳಿಗೆಲ್ಲ ಎರಡು ಶಿಕ್ಷೆ ಕಡ್ಡಾಯ. ವಾರಕ್ಕೊಮ್ಮೆ ಹರಳೆಣ್ಣೆ, ದಿನಾ ಕೆರೆ. ಚಿಕ್ಕಿ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಒಂದು ಜೊತೆ ಒಣಕಾಯಿ ತಂದು, ಹಗ್ಗವನ್ನು ನಮ್ಮ ಕಂಕುಳ ಕೆಳಗಿನಿಂದ ಹಾಯಿಸಿ ಬೆನ್ನಿಗೆ ಬಿಗಿಯುತ್ತಿದ್ದರು. ಒಣಕಾಯಿ ಮುಳುಗುವುದಿಲ್ಲ, ಆದ್ದರಿಂದ ಅದನ್ನು ಕಟ್ಟಿಕೊಂಡ ಹುಡುಗನೂ ಮುಳುಗುವುದಿಲ್ಲ ಎಂಬುದು ಸಿದ್ಧಾಂತ. ಸಿದ್ಧಾಂತ ನನ್ನ ತಲೆಗೆ ಅರ್ಥವಾಗಿತ್ತು, ಕಾಲಿಗೆ ಅರ್ಥವಾಗಿರಲಿಲ್ಲ. ದಂಡೆಯ ಕಲ್ಲಿನ ಮೇಲೆ ನಿಂತವನು ನಿಂತೇ ಇರುತ್ತಿದ್ದೆ. ನನ್ನ ನಂತರ ಬಂದವರು ಹಾರಿ, ಈಜಿ, ಮೈ ಒರೆಸಿಕೊಂಡು, ಮಾವಿನಕಾಯಿಗೆ ಉಪ್ಪು ಹಚ್ಚುತ್ತಾ ಕೂತಿರುತ್ತಿದ್ದರು.

ಚಿಕ್ಕಿ ಬೈಯುವವರಲ್ಲ. ಹೆದರಬೇಡ ಎಂದು ಹೇಳುವವರೂ ಅಲ್ಲ. ಸದ್ದಿಲ್ಲದೆ ಹಿಂದೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು ಕೇಳುತ್ತಿದ್ದರು.

"ಬೆಳಿಗ್ಗೆ ಎಷ್ಟ್ ದೋಸಿ ತಿಂದೆ ಮಗಾ?"

ಎಷ್ಟು ತಿಂದೆ? ಮೊದಲು ಬೆಲ್ಲ ಹಚ್ಚಿಕೊಂಡು ಎರಡು. ಆಮೇಲೆ ಚಟ್ನಿ ಬಂತು. ಅಣ್ಣನ ತಟ್ಟೆಯಿಂದ ಎಗರಿಸಿದ್ದನ್ನು ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ ಎಂದು ನಾನು ತರ್ಕಿಸುವಷ್ಟರಲ್ಲಿ ನೀರಿನಲ್ಲಿರುತ್ತಿದ್ದೆ. ದೂಡಿದ್ದೇ ಗೊತ್ತಾಗುತ್ತಿರಲಿಲ್ಲ. ಮರುದಿನ ಜಾಣನಾಗಿ ದೋಸೆಗಳನ್ನು ಎಣಿಸಿಕೊಂಡೇ ತಿಂದು, ಉತ್ತರವನ್ನು ಬಾಯಲ್ಲಿಟ್ಟುಕೊಂಡು ಹೋದೆ. ಚಿಕ್ಕಿ ಕೇಳಿದ್ದು, "ನಿಮ್ಮ್ ಶಾಲಿ ಮಾಸ್ಟ್ರಿಗೆ ಮೀಸಿ ಇತ್ತಾ?" ಮಾಸ್ತರರ ಮುಖ ಕಣ್ಣಿಗೆ ಬರುವ ಮೊದಲು ಕೆರೆ ಬಂತು.

ರಜೆ ಮುಗಿಯುವುದರೊಳಗೆ ನನಗೂ ಈಜು ಬಂತು. ಬಂದ ದಿನ ಚಿಕ್ಕಿ ನನ್ನ ಬೆನ್ನಿನ ಕಾಯಿ ಬಿಚ್ಚಿ, ಸುಲಿದು, ಒಡೆದು, ಬೆಲ್ಲದ ಜೊತೆ ಎಲ್ಲರಿಗೂ ಹಂಚಿದರು. ನಾನೂ ತಿಂದೆ. ಇಷ್ಟು ದಿನ ನನ್ನನ್ನು ನೀರಿನ ಮೇಲೆ ಹಿಡಿದಿದ್ದ ಕಾಯಿ ಇದು ಎಂದು ತಿನ್ನುವಾಗ ನೆನಪೇ ಆಗಲಿಲ್ಲ. ಮಕ್ಕಳಿಗೆ ಅದೆಲ್ಲ ಹೊಳೆಯುವುದಿಲ್ಲ. ನನಗೆ ಹೊಳೆದದ್ದು ಬಹಳ ತಡವಾಗಿ, ಬೇರೆಯವರ ಬೆನ್ನಿಗೆ ನಾನೇ ಜೋಡಿಕಾಯಿಯಾದ ಮೇಲೆ.

ಅದು ಹೇಗೆಂದರೆ, ಸೈನ್ಯಕ್ಕೆ ಸೇರಿದವನು ಅಲ್ಲಿ ಪ್ಯಾರಾಶೂಟಿನವರ ಪಾಲಾದೆ. ನಿವೃತ್ತಿಯ ನಂತರ ಉತ್ತರದ ಕಡೆಯ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ, ಶೋಕಿಗಾಗಿ ಆಕಾಶದಿಂದ ಹಾರಲು ಬರುವವರನ್ನು ಹಾರಿಸುವ ಕೆಲಸ ಹಿಡಿದೆ. ಟ್ಯಾಂಡೆಮ್ ಎನ್ನುತ್ತಾರೆ ಅದಕ್ಕೆ. ಹೊಸಬರ ಬೆನ್ನು ನನ್ನ ಎದೆಗೆ, ನಡುವೆ ನಾಲ್ಕು ಕೊಕ್ಕೆ, ಪ್ಯಾರಾಶೂಟು ನನ್ನ ಬೆನ್ನಿಗೆ. ಅವರು ಮಾಡಬೇಕಾದ್ದು ಬಹಳವಿಲ್ಲ. ಬಾಗಿಲಲ್ಲಿ ತಲೆಯನ್ನು ಹಿಂದಕ್ಕೆ ನನ್ನ ಹೆಗಲಿಗೆ ಒರಗಿಸಬೇಕು, ಹೊಟ್ಟೆ ಮುಂದಕ್ಕೆ ತರಬೇಕು, ಕಾಲು ಹಿಂದಕ್ಕೆ ಮಡಚಬೇಕು. ನಾನು ಹೆಗಲು ತಟ್ಟಿದಾಗ ಕೈ ಬಿಡಿಸಬೇಕು. ನೆಲ ಹತ್ತಿರ ಬಂದಾಗ ಕಾಲೆತ್ತಬೇಕು. ನೆಲದ ಮೇಲೆ ಇದನ್ನೆಲ್ಲ ಹೇಳಿಕೊಟ್ಟರೆ ಎಲ್ಲರೂ ತಲೆಯಾಡಿಸುತ್ತಾರೆ. ಮೇಲೆ ಹೋಗಿ ಬಾಗಿಲು ತೆರೆದು ಗಾಳಿ ನುಗ್ಗಿತೋ, ತಮ್ಮ ಹೆಸರೂ ನೆನಪಿರುವುದಿಲ್ಲ.

ನನ್ನ ಜೊತೆಗಾರರು ಹೊಸಬರಿಗೆ ಧೈರ್ಯ ತುಂಬಲು ಬಗೆಬಗೆಯ ಭಾಷಣ ಮಾಡುತ್ತಿದ್ದರು. ಒಬ್ಬ ಪ್ಯಾರಾಶೂಟಿನ ಬಟ್ಟೆ ಎಷ್ಟು ಗಟ್ಟಿ ಎಂದು ವಿವರಿಸುತ್ತಿದ್ದ. ಕೇಳಿದವರಿಗೆ ಅಲ್ಲಿಯವರೆಗೆ ಬಟ್ಟೆ ಹರಿಯಬಹುದೆಂಬ ಯೋಚನೆಯೇ ಬಂದಿರುತ್ತಿರಲಿಲ್ಲ. ಇನ್ನೊಬ್ಬ "ಹೆದರಬೇಡಿ, ಹೆದರಬೇಡಿ" ಎಂದು ಜಪ ಮಾಡಿ ಇಡೀ ವಿಮಾನವನ್ನೇ ಹೆದರಿಸುತ್ತಿದ್ದ. ನಾನು ಸುಮ್ಮನೆ ಕೂತಿದ್ದು, ಬಾಗಿಲಂಚಿಗೆ ಜಾರಿದ ಮೇಲೆ ಕಿವಿಯ ಹತ್ತಿರ ಬಾಯಿ ತಂದು ಕಿರುಚಿ ಕೇಳುತ್ತಿದ್ದೆ, "ಬೆಳಿಗ್ಗೆ ತಿಂಡಿಗೆ ಏನು ತಿಂದಿರಿ?" ಅವರು ಪರಾಠಾವೋ ಬ್ರೆಡ್ಡೋ ಎಂದು ಯೋಚಿಸುವಾಗ ನಾವು ಮೋಡದಲ್ಲಿರುತ್ತಿದ್ದೆವು. ಎಷ್ಟೋ ಜನ ಕೆಳಗಿಳಿದ ಮೇಲೆ ನಿಷ್ಠೆಯಿಂದ ಉತ್ತರ ಹೇಳಿದ್ದಾರೆ. ಒಬ್ಬರು ನಿವೃತ್ತ ಟೀಚರಮ್ಮ ಕನ್ನಡಕ ಸರಿಪಡಿಸಿಕೊಂಡು, "ಉಪ್ಪಿಟ್ಟು. ಯಾಕೆ ಕೇಳಿದ್ದು?" ಎಂದಿದ್ದರು.

ಈ ಕೆಲಸದ ದೆಸೆಯಿಂದ ನನಗೆ ಮದುವೆಯಾಗಲಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಬ್ರಹ್ಮಾವರದ ಹತ್ತಿರ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ಅಪ್ಪ ಕೇಳಿದರು, "ಕೆಲ್ಸ ಎಂತ?"

"ವಿಮಾನದಿಂದ ಹಾರುದ್," ಎಂದೆ.

ಅವರು ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆಗೆ ದೂಡಿ ಕೇಳಿದರು. "ಎಂತಕೆ, ವಿಮಾನ ಸರಿ ಇರುದಿಲ್ಯಾ?"

ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ಮೇಲಧಿಕಾರಿಯೂ ಕೇಳಿರಲಿಲ್ಲ. ಅವಲಕ್ಕಿ ಮುಗಿಸಿ ಎದ್ದು ಬಂದೆ.

ನಿಮಗೆ ಒಂದು ವಿಷಯ ಹೇಳಬೇಕು. ಟ್ಯಾಂಡೆಮ್‌ನಲ್ಲಿ ಹಿಂದೆ ಇರುವವನಿಗೆ ಮುಂದಿನವರ ಮುಖ ಕಾಣುವುದಿಲ್ಲ. ಕಾಣುವುದು ಕುತ್ತಿಗೆಯ ಹಿಂಭಾಗ, ಎರಡು ಕಿವಿ, ಹೆಲ್ಮೆಟ್ಟಿನಿಂದ ಹೊರಬಿದ್ದ ನಾಲ್ಕು ಕೂದಲು. ನಾನು ಜನರನ್ನು ಬಲ್ಲದ್ದೇ ಅಲ್ಲಿಂದ. ಮುಖ ಸುಳ್ಳು ಹೇಳುತ್ತದೆ, ಕುತ್ತಿಗೆಗೆ ಆ ಕಲೆ ಬರುವುದಿಲ್ಲ. ಕೆಳಗೆ ಮೀಸೆ ತಿರುವುತ್ತಾ ಬಂದವರ ಕುತ್ತಿಗೆ ಮೇಲೆ ಬೆವರಿನಿಂದ ಹೊಳೆಯುತ್ತಿರುತ್ತದೆ. ಹೆದರಿಕೆಯೇ ಎಂದು ಕೇಳಿದರೆ ಥಟ್ಟನೆ ಇಲ್ಲ ಎನ್ನುವವರು ಎಲ್ಲರಿಗಿಂತ ಹೆಚ್ಚು ಹೆದರಿದವರು. ಒಬ್ಬಳು ಹುಡುಗಿಯ ಕುತ್ತಿಗೆಯಲ್ಲಿ ಬೆಳಿಗ್ಗೆ ಅವಳಮ್ಮ ಹಚ್ಚಿದ ಪೌಡರು ಹಾಗೇ ಇತ್ತು. ಅವತ್ತು ನಾನು ಕೊಕ್ಕೆಗಳನ್ನು ಇನ್ನೊಂದು ಸಲ ಎಳೆದು ನೋಡಿದೆ.

ಊರಿನವರೊಬ್ಬರು ಸಿಕ್ಕಿದ್ದೂ ಹೀಗೆಯೇ. ಮುಂಬೈಯಲ್ಲಿ ಹೋಟೆಲಿಟ್ಟ ದೊಡ್ಡ ಜನ, ನೆಲದ ಮೇಲಿರುವಷ್ಟು ಹೊತ್ತೂ ಹಿಂದಿ. ಬಾಗಿಲಿನಿಂದ ಹೊರಬಿದ್ದದ್ದೇ ತಡ, "ಅಯ್ಯೋ ಅಬ್ಯೇ" ಎಂದು ಬೊಬ್ಬೆ ಹಾಕಿದರು. ತಾಯಿಯನ್ನು ಹಾಗೆ ಕರೆಯುವ ಸೀಮೆ ಯಾವುದೆಂದು ನನಗೆ ಗೊತ್ತಿಲ್ಲವೇ? ಪ್ಯಾರಾಶೂಟು ಬಿಚ್ಚಿಕೊಂಡು ಗಾಳಿ ತಣ್ಣಗಾದ ಮೇಲೆ ಕಿವಿಯಲ್ಲಿ ಕೇಳಿದೆ.

"ಹ್ವಾಯ್, ಊರ್ ಯಾವ್ದ್?"

ಆ ಮನುಷ್ಯ ತಿರುಗಲು ನೋಡಿದರು. ಕೊಕ್ಕೆ ಬಿಡಲಿಲ್ಲ. "ಬೈಂದೂರ್. ನೀವ್?"

ಆಮೇಲೆ ಇಳಿಯುವವರೆಗೂ ಮಾತೇ ಮಾತು. ಯಾವ ಶಾಲೆ, ಯಾವ ಬಸ್ಸು, ಯಾರ ಮನೆಯ ಗದ್ದೆ ಈಗ ಯಾರಿಗೆ ಹೋಯಿತು. ಕೆಳಗೆ ನೆಲ ತಿರುಗುತ್ತಾ ಹತ್ತಿರ ಬರುತ್ತಿತ್ತು. ನನಗೆ ಇನ್ನಷ್ಟು ಎತ್ತರ ಬೇಕಿತ್ತು. "ಊರಿಗ್ ಬಂದಾಗ ಮನಿಗ್ ಬನ್ನಿ ಮಾರಾಯ್ರೆ. ಬೈಂದೂರ್ ಬಸ್‌ಸ್ಟ್ಯಾಂಡಲ್ಲಿ ಯಾರ್ ಹತ್ರ ಕೇಂಡ್ರೂ ಹೇಳ್ತ್ರ್," ಎಂದರು. ಕಾಲು ನೆಲ ಮುಟ್ಟಿತು. ನಾನು ಕೊಕ್ಕೆ ಬಿಚ್ಚಿದೆ. ಅವರು ಹೆಂಡತಿ ಮಕ್ಕಳ ಕಡೆಗೆ ಓಡಿದರು, ನಾನು ಬಟ್ಟೆ ಸುತ್ತಿಕೊಂಡು ಮುಂದಿನವರ ಕಡೆಗೆ ನಡೆದೆ.

ಊರಿಗೆ ಬಂದ ಮೇಲೆ ನಾನು ಒಂದು ದಿನ ನಿಜವಾಗಿಯೂ ಬೈಂದೂರಿಗೆ ಹೋದೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮೇಲೆ ನೆನಪಾಯಿತು, ಅವರ ಹೆಸರು ನನಗೆ ಗೊತ್ತಿಲ್ಲ. ಮುಖವೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರುವುದು ಒಂದು ದಪ್ಪ ಕುತ್ತಿಗೆ, ಅದರ ಎಡಬದಿಯ ಒಂದು ಮಚ್ಚೆ. ಯಾರ ಹತ್ತಿರ ಏನೆಂದು ಕೇಳುವುದು? ಟಿಕೆಟಿಗೆ ನಿಂತವರ, ಬೆಂಚಿನ ಮೇಲೆ ಕೂತವರ ಕುತ್ತಿಗೆಗಳನ್ನು ಸ್ವಲ್ಪ ಹೊತ್ತು ನೋಡಿದೆ. ಒಬ್ಬ ಹೆಂಗಸು ಸೆರಗು ಎಳೆದುಕೊಂಡು ನನ್ನನ್ನು ದುರುಗುಟ್ಟಿದ ಮೇಲೆ ಚಾ ಕುಡಿದು ವಾಪಸು ಬಸ್ಸು ಹತ್ತಿದೆ.

ಹಾರಿದವರೆಲ್ಲ ಫೋಟೋ ತೆಗೆಸಿಕೊಳ್ಳುತ್ತಾರೆ. ಮುಂದೆ ಬಾಯಿ ತೆರೆದ ಅವರು, ಹಿಂದೆ ಒಂದು ಹೆಲ್ಮೆಟ್ಟು, ಅರ್ಧ ಗದ್ದ. ಆ ಅರ್ಧ ಗದ್ದ ನಾನು. ಈ ದೇಶದ ಎಷ್ಟೋ ಮನೆಗಳ ಗೋಡೆಯ ಮೇಲೆ ನಾನು ಅರ್ಧ ಗದ್ದವಾಗಿ ತೂಗುತ್ತಿದ್ದೇನೆ. ಯಾರಾದರೂ ನೆಂಟರು ಬಂದು "ಹಿಂದೆ ಇರುವುದು ಯಾರು?" ಎಂದು ಕೇಳಿದರೆ ಆ ಮನೆಯವರು ಏನು ಹೇಳುತ್ತಾರೋ. ಹೆದರಿದ ಮನುಷ್ಯನ ಎದೆಬಡಿತ ಬೆನ್ನಿನ ಮೂಲಕ ನನ್ನ ಎದೆಗೆ ಕೇಳಿಸುತ್ತಿತ್ತು. ಅಷ್ಟು ಹತ್ತಿರ ಬಂದವರು ಕೊಕ್ಕೆ ಬಿಚ್ಚಿದ ಮೇಲೆ ತಿರುಗಿ ನೋಡಿದ್ದು ಕಡಿಮೆ. ಅದು ಅವರ ತಪ್ಪಲ್ಲ, ಮೊದಲ ಸಲ ಆಕಾಶ ನೋಡಿ ಬಂದವರಿಗೆ ಬೇರೆಯದು ಕಣ್ಣಿಗೆ ಬೀಳುವುದಿಲ್ಲ. ಆದರೂ ಸಂಜೆ ಕೋಣೆಗೆ ಬಂದು ಒಬ್ಬನೇ ಅನ್ನಕ್ಕಿಡುವಾಗ ಎದೆಯ ಮುಂದೆ ಖಾಲಿ ಎನಿಸುತ್ತಿತ್ತು. ಈಗಲೂ ಎನಿಸುತ್ತದೆ.

ಪ್ರತಿ ಇಳಿತಕ್ಕೂ ಎರಡು ಆಳಿನ ಭಾರ ಹೊತ್ತು ಬಲಮಂಡಿ ಸವೆದುಹೋಯಿತು. ಕೆಲಸ ಬಿಟ್ಟು ಬಂದು ಕೋಟೇಶ್ವರದಲ್ಲಿ ಈ ಮಹಡಿ ಹಿಡಿದೆ. ಮಂಡಿ ನೋಯುವವನು ಮಹಡಿ ಹಿಡಿದದ್ದು ಯಾಕೆಂದು ಕೇಳಬೇಡಿ, ನೆಲದ ಹತ್ತಿರ ನನಗೆ ನಿದ್ದೆ ಬರುವುದಿಲ್ಲ. ಜಲಜಕ್ಕನದ್ದು ಹಲಸಿನ ಹಪ್ಪಳದ ವ್ಯಾಪಾರ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಂಡ ಇಲ್ಲ, ಮಗಳನ್ನು ಬೈಂದೂರಿಗೆ ಕೊಟ್ಟಿದ್ದಾರೆ. ಹಪ್ಪಳ ಒಣಗುವುದು ನನ್ನ ಬಾಗಿಲ ಮುಂದಿನ ತಾರಸಿಯಲ್ಲಿ. ಕಾಗೆ ಕಾಯುವ ಕೆಲಸ ಯಾವಾಗ ನನ್ನ ಪಾಲಿಗೆ ಬಂತೋ ತಿಳಿಯದು. ಒಂದು ಕಾಲದಲ್ಲಿ ಹದ್ದಿಗಿಂತ ಮೇಲಿದ್ದವನು ಈಗ ಕೋಲು ಹಿಡಿದು ಕಾಗೆಗಳ ಜೊತೆ ಮಾತಾಡುತ್ತೇನೆ. ಕೆಲವು ದಿನ ಮಾತೆಂದರೆ ಅಷ್ಟೇ.

ಮಂಡಿ ಬದಲಿಸದೆ ಗತಿಯಿಲ್ಲ ಎಂದರು ಬ್ರಹ್ಮಾವರದ ಆಸ್ಪತ್ರೆಯಲ್ಲಿ. ಆಗಲಿ ಎಂದೆ. ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು, "ಒಟ್ಟಿಗೆ ಯಾರ್ ಬತ್ರ್ ಸರ್?"

"ಯಾರೂ ಇಲ್ಲೆ. ನಾನೊಬ್ನೆ."

"ಹಾಂಗಾತಿಲ್ಲೆ ಸರ್. ಮನಿಯವ್ರ್ ಯಾರಾರೂ ಇಲ್ದೆ ಮಾಡುದಿಲ್ಲೆ."

ಅವಳು ಒಳ್ಳೆಯ ದನಿಯಲ್ಲೇ ಹೇಳಿದಳು. ನಾನೂ ಒಂದು ಕಾಲದಲ್ಲಿ, ಒಬ್ಬನೇ ಹಾರುತ್ತೇನೆಂದು ಹಟ ಮಾಡುವ ಹೊಸಬರಿಗೆ ಅದೇ ದನಿಯಲ್ಲಿ ಹೇಳಿದ್ದುಂಟು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಚಿಕ್ಕಿ ಇಲ್ಲ. ಅಣ್ಣ ಇಲ್ಲ. ಅಣ್ಣನ ಮಕ್ಕಳು ಮುಂಬೈಯಲ್ಲಿದ್ದಾರೆ, ಫೋನು ಮಾಡಿದರೆ ಮೊದಲು ನನ್ನ ಹೆಸರು ಹೇಳಬೇಕಾಗುತ್ತದೆ. ಅಷ್ಟೊಂದು ಜನರ ಬೆನ್ನ ಹಿಂದೆ ಕೂತಿದ್ದೇನೆ, ನನ್ನ ಹಿಂದೆ ಒಂದು ಜನ ಇಲ್ಲ ಎಂಬುದು ಆ ಕಟ್ಟೆಯ ಮೇಲೆ ಗೊತ್ತಾಯಿತು.

ಇರುವುದು ಜಲಜಕ್ಕ ಮಾತ್ರ. ಕೇಳಿದರಾಯಿತು, ಎಂತ ಮಹಾ? ಮರುದಿನ ಮೆಟ್ಟಿಲಿಳಿದೆ. ಅವರು ಹಪ್ಪಳ ಒತ್ತುತ್ತಿದ್ದವರು ತಲೆಯೆತ್ತಿ ನೋಡಿದರು. ಲುಂಗಿಯ ತುದಿ ಸರಿಪಡಿಸಿಕೊಂಡೆ, ಹೊಸಬರು ಕನ್ನಡಕವನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುವಂತೆಯೇ. "ಒಂದ್ ಎಸಳ್ ಕರಿಬೇವ್ ಬೇಕಿತ್," ಎಂದೆ.

"ಅದಕ್ಕೆಂತ, ಕೊಯ್ಕಣಿ."

ಕೊಯ್ದುಕೊಂಡು ಮೇಲೆ ಬಂದೆ. ಮರುದಿನವೂ ಹೋದೆ, ಕರಿಬೇವು ತಂದೆ. ಅದರ ಮರುದಿನವೂ. ಅವರು ಬರುವುದಿಲ್ಲ ಎಂದರೆ ಇನ್ನು ಈ ಮನೆಯಲ್ಲಿ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆ. ಬರುತ್ತೇನೆ ಎಂದರೆ ಅದಕ್ಕಿಂತ ದೊಡ್ಡ ಹೆದರಿಕೆ. ಯಾರ ಭಾರವನ್ನೂ ಹೊರಬಲ್ಲೆ, ನನ್ನ ಭಾರ ಯಾರ ಮೇಲಾದರೂ ಹಾಕುವ ಅಭ್ಯಾಸ ನನಗಿಲ್ಲ. ಮೇಲೆ ಅಡುಗೆ ಕಟ್ಟೆಯ ಡಬ್ಬಿ ತುಂಬಿ, ಪೇಪರಿನ ಮೇಲೂ ಕರಿಬೇವು ಒಣಗತೊಡಗಿತು. ಕಾಗೆಗಳೂ ಅದನ್ನು ಮುಟ್ಟಲಿಲ್ಲ.

ಕೊನೆಗೆ ಅವರೇ ಹಪ್ಪಳದ ಚಾಪೆ ಹಿಡಿದುಕೊಂಡು ಮೇಲೆ ಬಂದರು.

"ಹ್ವಾಯ್, ಒಂದ್ ಮಾತ್ ಕೇಂತೆ, ಬೇಜಾರ್ ಮಾಡ್ಕಂಬ್ಯಾಡಿ. ನಿಮ್ಗೆ ಎಂತ ಬೇಕ್ ಅಂದ್ ಹೇಳಿ. ಕರಿಬೇವಲ್ಲ ಅಂದ್ ನಂಗ್ ಗೊತ್ತಿತ್. ಮರ ಬೋಳಾಯ್ತ್ ಮಾರಾಯ್ರೆ."

ನಾನು ಕಾಗೆಯ ಕಡೆ ನೋಡಿಕೊಂಡು ಹೇಳಿದೆ. "ಬ್ರಹ್ಮಾವರದಲ್ಲಿ ಕಾಲ್ ಆಪರೇಷನ್. ಒಟ್ಟಿಗೆ ಯಾರಾರೂ ಬೇಕಂಬ್ರ್."

ಜಲಜಕ್ಕ ಒಂದು ಹಪ್ಪಳ ಮಗುಚಿ ಹಾಕಿದರು. ಇನ್ನೊಂದನ್ನೂ ಮಗುಚಿದರು. "ಈ ವಾರ ಆತಿಲ್ಲೆ, ದನ ಕರು ಹಾಕುಕಾಯ್ತ್. ಬಪ್ಪ್ ವಾರ ಮಾಡ್ಕಣಿ. ಮಗ್ಳ್ ಬಾಣಂತಿಯಾದಾಗ ನಾನ್ ಅಲ್ಲೇ ಕೂತಿದ್ದೆ. ಚಾ ಲಾಯ್ಕ್ ಇರತ್ತ್ ಅಲ್ಲಿ."

ಇಷ್ಟೇ. ಇಷ್ಟಕ್ಕೆ ಒಂದು ಮರ ಬೋಳಾಗಿತ್ತು.

ದನ ಕರು ಹಾಕಿತು. ಮುಂದಿನ ವಾರ ನನಗೆ ಹಿಂದಿನಿಂದ ದಾರ ಕಟ್ಟುವ ಆಸ್ಪತ್ರೆಯ ಅಂಗಿ ತೊಡಿಸಿ ಒಳಗೆ ಕರೆದುಕೊಂಡು ಹೋಗಿ, ಮೇಜಿನ ಮೇಲೆ ಕೂರಿಸಿದರು. ಸೊಂಟದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ನನ್ನು ಬೆನ್ನಿಗೆ ಕೊಡುತ್ತಾರಂತೆ. "ಮುಂದಕ್ಕೆ ಬಗ್ಗಿ, ಗದ್ದ ಎದೆಗೆ ತಾಗಿಸಿ" ಎಂದರು. ನಾನು ಜೀವಮಾನವಿಡೀ ತಲೆ ಹಿಂದಕ್ಕೆ, ಹೊಟ್ಟೆ ಮುಂದಕ್ಕೆ ಎಂದು ಕಲಿಸಿದವನು, ಇಲ್ಲಿ ಎಲ್ಲ ತಿರುವುಮುರುವು. ಬಗ್ಗಿ ಕೂತೆ. ಡಾಕ್ಟರಮ್ಮ ನನ್ನ ಹಿಂದೆ ಎಲ್ಲೋ ಇದ್ದರು. ಮುಖ ಕಾಣುವುದಿಲ್ಲ, ದನಿ ಮಾತ್ರ. ನನ್ನ ಕುತ್ತಿಗೆ ಯಾರಿಗಾದರೂ ಅಷ್ಟು ಹತ್ತಿರದಿಂದ ಕಂಡದ್ದು ಸೀತು ಚಿಕ್ಕಿಯ ನಂತರ ಅದೇ ಮೊದಲು.

"ಹೆದ್ರಿಕಿ ಆತ್ತಾ?"

"ಇಲ್ಲ," ಎಂದೆ ಥಟ್ಟನೆ.

ಹಿಂದಿನವರು ನನ್ನ ಕುತ್ತಿಗೆ ಓದಿಯಾಗಿತ್ತು. ಹೆಗಲ ಮೇಲೊಂದು ಕೈ ಬಂತು.

"ಹೊರಗೆ ಸ್ಟೀಲ್ ಡಬ್ಬಿ ಹಿಡ್ಕಂಡ್ ಒಬ್ರ್ ಕೂತಿದ್ರಲೆ, ಅವ್ರ್ ನಿಮ್ಗೆ ಎಂತ ಆಯ್ಕ್?"

ಎಂತ ಆಗಬೇಕು? ಮನೆಯೊಡತಿ ಎನ್ನಲೇ? ಮನೆಯೊಡತಿ ಎಳೆಗರುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದು ಇನ್ನೊಬ್ಬರ ಕಾಲಿಗಾಗಿ ಬೆಂಚಿನ ಮೇಲೆ ಕೂರುವುದಿಲ್ಲ. ಅಕ್ಕ ಎನ್ನಲೇ? ಅವರು ಊರಿಗೆಲ್ಲ ಅಕ್ಕ. ನೆರೆಮನೆಯವರು? ಮಧ್ಯೆ ಒಂದು ಮೆಟ್ಟಿಲು ಬಿಟ್ಟರೆ ಬೇರೆ ಮನೆಯೇ ಇಲ್ಲ. ನನಗೆ ಯಾರೂ ಆಗಬೇಕಾಗಿಲ್ಲ ಎಂದುಬಿಡಬಹುದು, ಅದು ನಿಜ ಕೂಡ. ಆದರೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. "ಅವ್ರ್ ನಂಗೆ..." ಎಂದು ಬಾಯಿ ತೆರೆದೆ.

"ಆಯ್ತ್, ಇನ್ ಮಲ್ಕಣಿ," ಎಂದಿತು ಹಿಂದಿನ ದನಿ.

ಸೂಜಿ ಚುಚ್ಚಿದ್ದೇ ಗೊತ್ತಾಗಿರಲಿಲ್ಲ, ನಾನು ನೀರಿನಲ್ಲಿದ್ದೆ.

ಈಗ ಕೋಲೂರಿ ಓಡಾಡುತ್ತೇನೆ. ಮೆಟ್ಟಿಲು ಇಳಿಯುವಾಗ ಆ ಪ್ರಶ್ನೆ ಕಾಲಿಗೆ ತೊಡರುತ್ತದೆ, ಉತ್ತರ ಇನ್ನೂ ಸಿಕ್ಕಿಲ್ಲ. ಜೋಡಿಕಾಯಿ ಕಂಬಿಯಲ್ಲೇ ತೂಗುತ್ತಿ‌ದೆ. ಕತ್ತಿ ಹಿಡಿದುಕೊಂಡು ಎರಡು ಸಲ ಹತ್ತಿರ ಹೋದೆ, ಕೈ ಬರಲಿಲ್ಲ. ಒಮ್ಮೆ ತಿಂದು ಮರೆತಿದ್ದೇನೆ, ಸಾಕು.

ಇವತ್ತು ಬೆಳಿಗ್ಗೆ ಕೆಳಗಿನಿಂದ ಜಲಜಕ್ಕ ಕೂಗಿದರು. "ಹ್ವಾಯ್, ಕಾಯಿ ಇನ್ನೂ ಒಡಿಲಿಲ್ಯಾ? ಸಾರಿಗೆ ಎಂತ ಹಾಕ್ತ್ರಿ ಹಾಂಗಾರೆ?"

"ಕರಿಬೇವ್ ಇತ್ತಲೆ," ಎಂದೆ.